ಹಳದಿ ಗೆರೆ

ಹೋದ ತಿಂಗಳು ನಿವೃತ್ತನಾದೆ. ಭೋಸರಿಯ ಒಂದೇ ಕಾರ್ಖಾನೆಯ ಒಂದೇ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವನಿಗೆ ಮನೆಗೆ ತರಲು ಏನಿರುತ್ತದೆ ಹೇಳಿ. ಡ್ರಾವರ್ ಖಾಲಿ ಮಾಡಿದಾಗ ಸಿಕ್ಕಿದ್ದು ಅಂಕಿ ಅಳಿಸಿಹೋದ ಸ್ಟೀಲ್ ಪಟ್ಟಿ, ಒಂದೇ ಕಿವಿಯ ಚಾಳೀಸು, ಆಸಿಡಿಟಿಯ ನಾಲ್ಕು ಗುಳಿಗೆ ಮತ್ತು ಹಳದಿ ಬಣ್ಣದ ಒಂದು ಪೇಂಟ್ ಪೆನ್ನು. ಮೊದಲ ಮೂರನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿದೆ. ಪೆನ್ನನ್ನು ಕಿಸೆಗೆ ಹಾಕಿಕೊಂಡು ಬಂದೆ. ಪ್ರೀತಿಯಿಂದ ಎಂದುಕೊಳ್ಳಬೇಡಿ. ಅದನ್ನು ಬಿಸಾಡಲು ಧೈರ್ಯ ಸಾಲಲಿಲ್ಲ, ಅಷ್ಟೆ.

ಈ ಪೆನ್ನಿನ ಕೆಲಸವನ್ನು ನಿಮಗೆ ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ಫಿಟ್ಟರ್ ಒಂದು ಬೋಲ್ಟ್ ಬಿಗಿಯುತ್ತಾನೆ. ಆಮೇಲೆ ನನ್ನಂಥ ಇನ್‌ಸ್ಪೆಕ್ಷನ್‌ನವನು ಬಂದು ಅದೇ ಬೋಲ್ಟಿಗೆ ತಾನೂ ಒಮ್ಮೆ ಪಾನಾ ಹಚ್ಚಿ ನೋಡುತ್ತಾನೆ. ಪಾನಾ ಅಂದರೆ ಸ್ಪ್ಯಾನರ್. ಇಲ್ಲಿ ಮರಾಠಿಯವರೂ ನಾವೂ ಹಾಗೇ ಅನ್ನುವುದು. ಬೋಲ್ಟ್ ಅಲುಗದಿದ್ದರೆ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದು ಹಳದಿ ಗೆರೆ ಎಳೆಯುತ್ತಾನೆ. ಗೆರೆ ಬಿತ್ತು ಅಂದರೆ ಮುಗಿಯಿತು, ಆ ಬೋಲ್ಟನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಬಿಗಿದವನೇ ಗೆರೆ ಹಾಕುವ ಹಾಗಿಲ್ಲ. ಒಬ್ಬನ ಕೈಯನ್ನು ಇನ್ನೊಬ್ಬನ ಕಣ್ಣು ಕಾಯಬೇಕು ಅನ್ನುವುದು ಅದರ ಹಿಂದಿನ ಲೆಕ್ಕಾಚಾರ.

ಬೀಳ್ಕೊಡುಗೆಯ ದಿನ ನಮ್ಮ ಮ್ಯಾನೇಜರು ನನ್ನ ಹೆಗಲಿಗೆ ಶಾಲು ಹೊದಿಸಿ, ಇವರ ಗೆರೆ ಅಂದರೆ ಗೆರೆ, ಮೂವತ್ತೊಂದು ವರ್ಷದಲ್ಲಿ ಒಂದೂ ಸುಳ್ಳಾಗಿಲ್ಲ ಅಂತ ಮರಾಠಿಯಲ್ಲಿ ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ವಿನಯ ಅಂತ ತಿಳಿದವರು ಇನ್ನೊಮ್ಮೆ ತಟ್ಟಿದರು. ಕಾರ್ಖಾನೆಯ ಮಟ್ಟಿಗೆ ಅವರು ಹೇಳಿದ್ದು ನಿಜ. ಸುಳ್ಳು ಗೆರೆಯನ್ನು ನಾನು ಜೀವನದಲ್ಲಿ ಒಂದೇ ಒಂದು ಸಲ ಹಾಕಿದ್ದು, ಅದೂ ಮನೆಯ ಕಾರಿಗೆ.

ಆ ಕಾರು ಈಗಲೂ ನಮ್ಮ ಸೊಸಾಯಿಟಿಯ ಪಾರ್ಕಿಂಗಿನಲ್ಲಿ ನಿಂತಿದೆ. ಬೀಟ್‌ರೂಟ್ ಬಣ್ಣದ, ಎರಡನೇ ಕೈಯ ಪುಟ್ಟ ಕಾರು. ನಾನೂ ಅಣ್ಣನೂ ಕೂಡಿ ತೆಗೆದುಕೊಂಡದ್ದು. ನಾವು ಬಾಗಲಕೋಟೆಯ ಕಡೆಯವರು. ನನಗಿಂತ ಆರು ವರ್ಷ ದೊಡ್ಡವನಾದ ವಸಂತಣ್ಣ ಮೊದಲು ಭೋಸರಿಗೆ ಬಂದು ಫಿಟ್ಟರ್ ಆದ, ನನ್ನನ್ನು ಡಿಪ್ಲೊಮಾ ಓದಿಸಿದ, ಆಮೇಲೆ ಕರೆಸಿಕೊಂಡ. ಒಂದೇ ಕಟ್ಟಡದಲ್ಲಿ ಅವನದು ಮೂರನೇ ಮಹಡಿ, ನನ್ನದು ಒಂದನೇ ಮಹಡಿ. ಕಾರಿನ ಕೀಲಿ ಮಾತ್ರ ಯಾವಾಗಲೂ ಅವನ ಮನೆಯ ದೇವರ ಕೋಣೆಯ ಮೊಳೆಗೇ ತೂಗುತ್ತಿತ್ತು.

ಗ್ಯಾರೇಜಿಗೆ ಕಾರು ಕೊಡುವುದೆಂದರೆ ಅಣ್ಣನಿಗೆ ಅವಮಾನ. "ದಿನಾ ನೂರು ಇಂಜಿನ್ ಜೋಡಸಾಂವ ನಾನು. ನನ್ನ ಗಾಡಿ ಮತ್ತೊಬ್ಬಾಂವ ಬಿಚ್ಚಬೇಕೇನು?" ಎನ್ನುತ್ತಿದ್ದ. ಹೀಗಾಗಿ ಆರು ತಿಂಗಳಿಗೊಮ್ಮೆ ಒಂದು ಭಾನುವಾರ ಎಣ್ಣೆ ಬದಲಿಸುವ ಹಬ್ಬ. ಅದಕ್ಕೆ ಬೇಕಾಗುವ ಸಾಮಗ್ರಿಯಲ್ಲಿ ಮುಖ್ಯವಾದದ್ದು ಹಳೆಯ ಬನಿಯನ್ನು. ಬೇರೆ ಯಾವ ಅರಿವೆಯೂ ಇಂಜಿನ್ ಎಣ್ಣೆಯನ್ನು ಹಾಗೆ ಹೀರುವುದಿಲ್ಲ ಎಂಬುದು ಅಣ್ಣನ ಸಿದ್ಧಾಂತ. ಹಳೆಯದು ಯಾವುದು, ಹೊಸದು ಯಾವುದು ಎಂಬ ವಿಷಯದಲ್ಲಿ ಅವನಿಗೂ ಅವನ ಹೆಂಡತಿ, ನಮ್ಮ ವೈನಿಗೂ ಪ್ರತಿ ಸಲ ಜಗಳ ಆಗುತ್ತಿತ್ತು. ಎರಡನೆಯದು ಒಂದು ಅಗಲವಾದ ಪರಾತ. ಒಂದು ಕಾಲಕ್ಕೆ ವೈನಿ ಅದರಲ್ಲಿ ಹಿಟ್ಟು ನಾದುತ್ತಿದ್ದರು. ಒಂದು ಭಾನುವಾರ ಅವರು ದೇವಸ್ಥಾನಕ್ಕೆ ಹೋದಾಗ ಅಣ್ಣ ಅದನ್ನು ಕಾರಿನ ಕೆಳಗೆ ಇಟ್ಟುಬಿಟ್ಟ. ಆಮೇಲೆ ಅದು ಅಡುಗೆಮನೆಗೆ ಮರಳಿ ಹೋಗಲೇ ಇಲ್ಲ.

ಇಂಜಿನ್ನು ಐದು ನಿಮಿಷ ಓಡಿಸಿ ಎಣ್ಣೆ ಬೆಚ್ಚಗೆ ಮಾಡಬೇಕು. ಮುಂದಿನ ಗಾಲಿಗಳನ್ನು ಎರಡು ಮರದ ದಿಮ್ಮಿಗಳ ಮೇಲೆ ಹತ್ತಿಸಬೇಕು. ಅಣ್ಣ ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿ, ಇಂಜಿನ್ನಿನ ತಳದಲ್ಲಿರುವ ಬೋಲ್ಟನ್ನು ಹದಿನೇಳರ ಪಾನಾದಿಂದ ಬಿಚ್ಚುತ್ತಿದ್ದ. ಕರಿ ಎಣ್ಣೆ ಪರಾತಕ್ಕೆ ಬೀಳುವಾಗ ಅವನ ಮುಖದಲ್ಲಿ ಒಂದು ಸಮಾಧಾನ ಕಾಣುತ್ತಿತ್ತು. ಎಣ್ಣೆ ಪೂರ್ತಿ ಇಳಿಯಲು ಅರ್ಧ ತಾಸು ಬೇಕು. ಆ ಅರ್ಧ ತಾಸು ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಏನೇನೋ ಮಾತಾಡುತ್ತಿದ್ದೆವು. ಈಗ ಯೋಚಿಸಿದರೆ ನಾವು ಎಣ್ಣೆ ಬದಲಿಸುತ್ತಿದ್ದದ್ದೇ ಆ ಅರ್ಧ ತಾಸಿಗಾಗಿ ಅನಿಸುತ್ತದೆ. ಆಮೇಲೆ ಹೊಸ ವಾಯ್ಸರ್, ಅಂದರೆ ವಾಷರ್, ಹಾಕಿ, ಬೋಲ್ಟ್ ತಿರುವಿ, ಪಾನಾದಿಂದ ಬಿಗಿದು ಹೊರಗೆ ಬಂದು, "ನಾ ಬಿಗದೇನಿ. ಇನ್ನ ನೀ ನೋಡಿ ಗೆರಿ ಹಾಕು" ಎನ್ನುತ್ತಿದ್ದ. ಕಾರ್ಖಾನೆಯ ನಿಯಮವನ್ನು ಅವನೇ ಮನೆಗೆ ತಂದದ್ದು. ತಮ್ಮ ಇನ್‌ಸ್ಪೆಕ್ಟರ್ ಆಗಿದ್ದು ಅವನಿಗೆ ಅಷ್ಟು ಹೆಮ್ಮೆ.

ಎಣ್ಣೆ ಅಂದಕೂಡಲೇ ನನಗೆ ಅವ್ವನ ಹೊಲಿಗೆ ಮಷಿನ್ನು ನೆನಪಾಗುತ್ತದೆ. ಬಾಗಲಕೋಟೆಯ ಮನೆಯಲ್ಲಿ ಅವ್ವ ಓಣಿಯವರ ಕುಪ್ಪಸ ಹೊಲಿಯುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಮಷಿನ್ನಿಗೆ ಎಣ್ಣೆ ಬಿಡುವ ಕೆಲಸ ಅಣ್ಣನದು. ಉದ್ದ ಕೊಕ್ಕಿನ, ತಳ ಒತ್ತಿದರೆ ಟಕ್ ಟಕ್ ಅನ್ನುವ ಎಣ್ಣೆ ಡಬ್ಬಿಯನ್ನು ಅವನು ನನಗೆ ಮುಟ್ಟಗೊಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ ನಾನೇ ಮಷಿನ್ನಿಗೆ ಎಣ್ಣೆ ಬಿಟ್ಟೆ. ಕಾಣಿಸಿದ ತೂತಿಗೆಲ್ಲ ಬಿಟ್ಟೆ. ಮದುವೆ ಮನೆಯವರ ರೇಷ್ಮೆ ಕುಪ್ಪಸದ ಬಟ್ಟೆಗೆ ಅಂಗೈ ಅಗಲದ ಕಲೆ ಬಿತ್ತು. ಅವ್ವ ಬಂದು "ಯಾರು ಮಾಡಿದ್ದು?" ಅಂದಳು. "ನಾನs" ಅಂದೆ. ಅವ್ವ ಹೊಡೆಯಲಿಲ್ಲ. "ನನ್ನ ಗಿರ್ಯಾ ಸುಳ್ಳ ಹೇಳೂದಿಲ್ಲ" ಅಂತ ಓಣಿ ತುಂಬ ಹೇಳಿಕೊಂಡು ಬಂದಳು. ಅಂದಿನಿಂದ ಮನೆತನದಲ್ಲಿ ನಾನು ಸತ್ಯವಂತ. ಯಾರಿಗಾದರೂ ಏನಾದರೂ ಸಂಶಯ ಬಂದರೆ "ಗಿರೀಶನ್ನ ಕೇಳ್ರಿ" ಅನ್ನುವುದು ವಾಡಿಕೆ. ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ಅಂದು ನಾನು ನಿಜ ಹೇಳಿದ್ದಕ್ಕೆ ಕಾರಣ ಬೇರೆ ಇತ್ತು. ನನ್ನ ಎರಡೂ ಕೈ ಮೊಣಕೈಯವರೆಗೆ ಎಣ್ಣೆ ಆಗಿತ್ತು. ಇಲ್ಲ ಅನ್ನಲು ದಾರಿಯೇ ಇರಲಿಲ್ಲ.

ಈಗ ಒಂಬತ್ತು ವರ್ಷ ಹಿಂದಿನ ಭಾನುವಾರಕ್ಕೆ ಬರಬೇಕು. ಇಷ್ಟು ಹೊತ್ತು ಬನಿಯನ್ನು, ಪರಾತ ಅಂತ ಸುತ್ತಿ ಬಳಸಿ ಬಂದದ್ದು ಅದನ್ನು ತಪ್ಪಿಸಲಿಕ್ಕೇ.

ಅಣ್ಣನ ಮಗಳನ್ನು ನೋಡಿ ಒಪ್ಪಿದ್ದ ಕೊಲ್ಹಾಪುರದವರ ಮನೆಗೆ ಮಾತುಕತೆಗೆಂದು ಮರುದಿನ ನಾವು ಹೋಗುವುದಿತ್ತು. ದೂರದ ದಾರಿ, ಹೊಸ ಎಣ್ಣೆ ಇರಲಿ ಅಂತ ಅಣ್ಣ ಕಾರಿನ ಕೆಳಗೆ ಮಲಗಿದ್ದ. ಹಳೆಯದು ಇಳಿದಿತ್ತು. ಹೊಸ ವಾಯ್ಸರ್ ಹಾಕಿ ಬೋಲ್ಟನ್ನು ಕೈಯಿಂದ ತಿರುವಿ ಕೂಡಿಸಿದ್ದ. ಅಷ್ಟರಲ್ಲಿ ಮೇಲಿನ ಗ್ಯಾಲರಿಯಿಂದ ವೈನಿ, "ರೀ, ಕೊಲ್ಹಾಪುರದ್ದು ಫೋನ್ ಬಂದದ, ಲಗೂನ ಬರ್ರಿ" ಅಂತ ಕೂಗಿದರು. ಅವನು ಗಡಬಡಿಸಿ ಎದ್ದು, ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿದ.

ಆಗ ಬಂದವನು ಕಾರ್ತಿಕ. ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇದ್ದ ಬೆಂಗಳೂರಿನ ಹುಡುಗ, ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ. "ಅಂಕಲ್, ಇದೆಲ್ಲ ನೀವೇ ಮಾಡ್ತೀರಾ? ಸೂಪರ್!" ಅಂದ. ಅಷ್ಟೇ ಸಾಕಾಯಿತು. ಇಂಜಿನಿಯರ್ ಅನ್ನಿಸಿಕೊಂಡ ಹುಡುಗ, ಕೇಳುವ ಆಸೆ ಬೇರೆ, ನನಗೆ ತಡೆಯಲಾಗಲಿಲ್ಲ. ಗುಣಮಟ್ಟ ಅಂದರೇನು ಅಂತ ಶುರು ಮಾಡಿದೆ. ಕಾರ್ಖಾನೆಯಲ್ಲಿ ಹೇಗೆ ಒಬ್ಬ ಬಿಗಿಯುತ್ತಾನೆ, ಇನ್ನೊಬ್ಬ ಹೇಗೆ ಪರೀಕ್ಷಿಸುತ್ತಾನೆ, ಒಂದು ಗೆರೆಯ ಮೇಲೆ ಎಷ್ಟು ಜನರ ಜೀವ ನಿಂತಿರುತ್ತದೆ, ಎಲ್ಲ ವರ್ಣಿಸಿದೆ. "ಹ್ಯಾಗೆ ಹಾಕ್ತಾರೆ ಅಂಕಲ್ ಗೆರೆ?" ಅಂದ. ತೋರಿಸಿದೆ. ಕಿಸೆಯಿಂದ ಪೆನ್ನು ತೆಗೆದು, ಗೋಣಿಚೀಲದ ಮೇಲೆ ಮಲಗಿ, ಕೈ ಚಾಚಿ, ಬೋಲ್ಟಿನ ತಲೆಯಿಂದ ತಳದ ತಟ್ಟೆಯವರೆಗೆ ಚಂದದ ಒಂದು ಗೆರೆ ಎಳೆದೆ. ಪಾನಾ ನನ್ನ ಮೊಣಕೈಯ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ಮುಟ್ಟಲಿಲ್ಲ.

ಅಣ್ಣ ಹತ್ತು ನಿಮಿಷ ಬಿಟ್ಟು ಖುಷಿಯಲ್ಲಿ ಇಳಿದು ಬಂದ. ಬಗ್ಗಿ ನೋಡಿದ. ಗೆರೆ ಇತ್ತು, ತಾನು ಬಿಗಿದೇ ಎದ್ದದ್ದು ಅಂದುಕೊಂಡಿರಬೇಕು. ಗೆರೆ ಬಿದ್ದ ಬೋಲ್ಟಿಗೆ ಮತ್ತೆ ಪಾನಾ ಹಚ್ಚುವುದು ಇನ್‌ಸ್ಪೆಕ್ಟರಿಗೆ ಅವಮಾನ. ಮೇಲಿನಿಂದ ಹೊಸ ಎಣ್ಣೆ ಸುರಿದು, ಬಾನೆಟ್ ಮುಚ್ಚಿ, ಅದಕ್ಕೆ ಕೈ ಮುಗಿದ. ನಾನು ಕಾರ್ತಿಕನಿಗೆ ಇನ್ನೂ ಏನೋ ಹೇಳುತ್ತಲೇ ಇದ್ದೆ.

ಮರುದಿನ ಖಂಬಾಟಕಿ ಘಾಟಿನಲ್ಲಿ ಎಣ್ಣೆಯ ಕೆಂಪು ದೀಪ ಹೊತ್ತಿಕೊಂಡಿತು. ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಇಂಜಿನ್ನು ಕಟಕಟ ಅಂದು ಹಿಡಿದುಕೊಂಡಿತು. ಅಣ್ಣ, ವೈನಿ, ಹೊಸ ಸೀರೆ ಉಟ್ಟ ಹುಡುಗಿ, ನಾನು, ಒಂದು ಬುಟ್ಟಿ ಹಣ್ಣು, ಒಂದು ಡಬ್ಬಿ ಕರದಂಟು, ಎಲ್ಲ ರಸ್ತೆಯ ಬದಿಗೆ ಇಳಿದೆವು. ಬಂದ ಮೆಕ್ಯಾನಿಕ್ ಕೆಳಗೆ ಹೊಕ್ಕು ನೋಡಿ, "ಬೋಲ್ಟ್ ಘಟ್ಟ ಕೇಲಾ ನವ್ಹತಾ, ಸಾಹೇಬ. ಪಡಲಾ" ಅಂದ. ಬಿಗಿದೇ ಇರಲಿಲ್ಲ, ಬಿದ್ದುಹೋಗಿದೆ ಅಂತ. ಆಮೇಲೆ ನಮ್ಮ ಇಬ್ಬರ ಮುಖ ನೋಡಿ ಕೇಳಿದ: "ಕೋಣೀ ಕೇಲಂ ಹೇ ಕಾಮ?"

ಯಾರು ಮಾಡಿದ್ದು? ಅವ್ವ ಕೇಳಿದ್ದೂ ಅದನ್ನೇ. ಈ ಸಲ ನನ್ನ ಕೈಗಳು ಸ್ವಚ್ಛವಾಗಿದ್ದವು.

ಅಣ್ಣ ಉತ್ತರಿಸುವ ಮೊದಲು ತಾನೇ ಕೆಳಗೆ ಮಲಗಿ ನೋಡಿದ. ಬೋಲ್ಟ್ ಇದ್ದ ಜಾಗದಲ್ಲಿ ಬರೀ ತೂತು, ತೂತಿನ ಅಂಚಿನಿಂದ ತಟ್ಟೆಯ ಮೇಲೆ ನನ್ನ ಹಳದಿ ಗೆರೆಯ ಅರ್ಧ. ಧೂಳು ಒರೆಸಿ ಎದ್ದು ನಿಂತು, "ಗೆರಿ ಅದ. ಗಿರ್ಯಾ ನೋಡ್ಯಾನ. ಅಂದ ಮ್ಯಾಲೆ ತಪ್ಪು ನಂದs. ವಾಯ್ಸರ್ ತಪ್ಪ ಕೂಡಸೇನಿ, ಇಲ್ಲಾ ಬೋಲ್ಟಿನ ಥ್ರೆಡ್ ಕೆಡಸೇನಿ" ಅಂದ. ಮೆಕ್ಯಾನಿಕ್ ಕಡೆ ತಿರುಗಿ, "ಮೀಚ ಕೇಲಂ" ಅಂದ. ನಾನೇ ಮಾಡಿದ್ದು.

ನಾನು ಆಗ ಬಾಯಿ ತೆರೆಯಬೇಕಿತ್ತು. ವೈನಿ ಇದ್ದರು, ಹುಡುಗಿ ಇದ್ದಳು, ಮೊದಲು ಕೊಲ್ಹಾಪುರ ಮುಟ್ಟೋಣ, ಸಂಜೆ ಹೇಳಿದರಾಯಿತು ಅಂದುಕೊಂಡೆ. ಕಾರನ್ನು ಮೆಕ್ಯಾನಿಕ್‌ಗೆ ಒಪ್ಪಿಸಿ ಬಸ್ಸು ಹಿಡಿದೆವು. ಸಂಜೆ ಬೀಗರಾಗುವವರ ಪಡಸಾಲೆಯಲ್ಲಿ ಅವರೆಲ್ಲ ಅಣ್ಣನನ್ನು ಕಿಚಾಯಿಸಿ ನಗುತ್ತಿದ್ದರು. "ಫಿಟ್ಟರ್ ಸಾಹೇಬ್ರು ಬೋಲ್ಟ್ ಬಿಗಿಯೂದs ಮರತಾರ ನೋಡ್ರಿ!" ಅಣ್ಣನೂ ನಗುತ್ತಿದ್ದ. ಆ ನಗು ನೋಡಿ, ನಾಳೆ ಹೇಳುತ್ತೇನೆ ಅಂದುಕೊಂಡೆ. ಸಂಬಂಧ ಕೂಡಿಬಂತು, ಮದುವೆಯೂ ಆಯಿತು. ಆ ಕಡೆಯವರು ಇಂದಿಗೂ ಅಣ್ಣನನ್ನು "ಬೋಲ್ಟ್ ಬೀಗರು" ಅಂತಲೇ ಕರೆಯುವುದು. ಮೊಮ್ಮಗಳ ಕೂದಲು ತೆಗೆಸುವ ಜಾವಳದಲ್ಲೂ ಅದೇ ಮಾತು, ಅದೇ ನಗು. ನಾನು ಆ ಪಂಕ್ತಿಯಲ್ಲಿ ಕೂತು ಊಟ ಮಾಡಿ ಬಂದಿದ್ದೇನೆ.

ಇಂಜಿನ್ನು ರಿಪೇರಿ ಆಯಿತು. ಅಣ್ಣನ ಕೈ ರಿಪೇರಿ ಆಗಲಿಲ್ಲ. ಕಾರ್ಖಾನೆಯಲ್ಲಿ ಒಂದೊಂದು ಬೋಲ್ಟನ್ನೂ ಎರಡೆರಡು ಸಲ, ಮೂರು ಮೂರು ಸಲ ಬಿಗಿಯತೊಡಗಿದ. ಬಿಗಿದು ಬಿಗಿದು ಮುರಿಯತೊಡಗಿದ. ಅವನ ಹಿಂದೆ ಕೆಲಸ ನಿಲ್ಲುತ್ತಿದೆ ಅಂತ ದೂರು ಹೋಯಿತು. ಸ್ಟೋರಿಗೆ ಹಾಕಿದರು. ಇಪ್ಪತ್ತೆಂಟು ವರ್ಷ ಇಂಜಿನ್ ಕಟ್ಟಿದವನು ಕಿಟಕಿಯಲ್ಲಿ ಕೂತು ಹುಡುಗರಿಗೆ ಕೈಗವಸು ಎಣಿಸಿ ಕೊಟ್ಟ. ಒಂದು ವರ್ಷ ಹಾಗೆ ಕೂತ. ಇನ್ನೂ ಎರಡು ವರ್ಷದ ನೌಕರಿ ಇರುವಾಗಲೇ ಬಿಟ್ಟು ಬಂದ. "ಕೈ ಮಾತ ಕೇಳವಲ್ವು" ಅಂದ. ಅವನ ಪಾನಾದ ಪೆಟ್ಟಿಗೆಯನ್ನು ತಂದು ನನ್ನ ಮನೆಯಲ್ಲಿಟ್ಟ. ನಾನು ಆಗಲೂ ಸುಮ್ಮನಿದ್ದೆ. ಒಂದು ದಿನ ಸುಮ್ಮನಿರುವುದೇ ಕಷ್ಟ ಎಂದು ಕಂಡುಕೊಂಡಿದ್ದೇನೆ. ಆಮೇಲೆ ರೂಢಿಯಾಗುತ್ತದೆ.

ಅಂದಿನಿಂದ ಎಣ್ಣೆ ಬದಲಿಸುವವನೂ ನಾನು, ನಿಯಮ ಮುರಿದು ಗೆರೆ ಹಾಕುವವನೂ ನಾನೇ. ಅಣ್ಣ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಪಾನಾ ಮುಟ್ಟುವುದಿಲ್ಲ. ಎಣ್ಣೆ ಇಳಿಯುವ ಅರ್ಧ ತಾಸು ಮಾತೂ ಆಡುವುದಿಲ್ಲ, ಪರಾತವನ್ನೇ ನೋಡುತ್ತಿರುತ್ತಾನೆ. ಕೊನೆಗೆ ಮಾತ್ರ ಕೇಳುತ್ತಾನೆ: "ಗೆರಿ ಹಾಕಿದಿ?"

ಹೋದ ಭಾನುವಾರವೂ ಹಾಗೇ ಕೂತಿದ್ದೆವು. ವಾಚ್‌ಮನ್ ಬಂದು, "ಕಾಕಾ, ಪಾರ್ಕಿಂಗ್‌ಮಧ್ಯೇ ಕಾಮ ಕರಾಯಚಂ ನಾಹೀ" ಅಂತ, ಪಾರ್ಕಿಂಗಿನಲ್ಲಿ ರಿಪೇರಿ ಕೆಲಸ ಕೂಡದೆಂಬ ಸೊಸಾಯಿಟಿಯ ಹೊಸ ನಿಯಮ ಒಪ್ಪಿಸಿದ. ಇದೇ ಕೊನೆಯ ಸಲ ಅಂತ ಹೇಳಿ ಕಳಿಸಿದೆ. ಹೇಳಿದ ಮೇಲೆ ನನಗೇ ಹೊಳೆಯಿತು: ಕೊನೆಯ ಸಲವೇ ಆದರೆ ಈ ಅರ್ಧ ತಾಸು ಮತ್ತೆ ಸಿಗುವುದಿಲ್ಲ. ಕಿಸೆಯಲ್ಲಿ ಆ ಪೆನ್ನಿತ್ತು. ಹೆಗಲ ಮೇಲೆ ಶಾಲು ಹೊದಿಸಿಕೊಂಡು ಬಂದು ವಾರವೂ ಆಗಿರಲಿಲ್ಲ.

"ಅಣ್ಣಾ, ಒಂದ ಮಾತ ಹೇಳೂದದ" ಅಂದೆ.

"ಹೇಳಪಾ."

"ಅವತ್ತ ನೀ ಬೋಲ್ಟ್ ಕೈಯಿಂದ ತಿರುವಿ ಅಷ್ಟs ಹೋಗಿದ್ದಿ. ವೈನಿ ಕರದ್ರು. ಪಾನಾ ಹಚ್ಚಿರ್ಲಿಲ್ಲ ನೀನು. ನಾ ಆ ಕಾರ್ತಿಕನ ಮುಂದ ದೊಡ್ಡಸ್ತಿಕಿ ಮಾಡ್ಲಿಕ್ಕೆ ಹೋಗಿ, ನೋಡಲಾರದ ಗೆರಿ ಹಾಕಿಬಿಟ್ಟೆ. ತಪ್ಪು ನಿಂದಲ್ಲ. ನಂದು."

ಅಣ್ಣ ಪರಾತದಿಂದ ಕಣ್ಣೆತ್ತಿ ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ, ಎದ್ದು ಹೋಗುತ್ತಾನೆ ಅಂದುಕೊಂಡೆ. ಒಂಬತ್ತು ವರ್ಷ ಅದಕ್ಕೆಲ್ಲ ತಯಾರಾಗಿದ್ದೆ. ಅವನು ಮೆಲ್ಲಗೆ ನಕ್ಕ.

"ಎಷ್ಟ ದಿವ್ಸದಿಂದ ಇದನ್ನ ಜೋಡಸ್ಲಿಕತ್ತಿದ್ದಿ?"

"ಜೋಡಸಿದ್ದಲ್ಲಣ್ಣಾ, ಖರೇನs."

"ನೌಕರಿ ಮುಗೀತು, ಅಣ್ಣಗ ಒಂದಿಷ್ಟು ಸಮಾಧಾನ ಮಾಡೂನು ಅಂತ ಹೇಳ್ಲಿಕತ್ತೀದಿ. ಗೊತ್ತಾಗೂದಿಲ್ಲೇನು ನನಗ?"

ನಾನು ಅವ್ವನ ಮೇಲೆ ಆಣೆ ಮಾಡಿದೆ. ಗೋಣಿಚೀಲ, ಪಾನಾ ಬಿದ್ದಿದ್ದ ಜಾಗ, ಕಾರ್ತಿಕ ಹಾಕಿಕೊಂಡಿದ್ದ ಅಂಗಿಯ ಬಣ್ಣ, ಎಲ್ಲ ಹೇಳಿದೆ. ಹೇಳಿದಷ್ಟೂ ಅವನ ಮುಖ ಮೆತ್ತಗಾಯಿತು. ನನ್ನ ಮೊಣಕಾಲ ಮೇಲೆ ಕೈಯಿಟ್ಟ.

"ನೋಡ್ ಗಿರ್ಯಾ. ನೀ ನೋಡಲಾರದ ಗೆರಿ ಹಾಕಾಂವ ಅಲ್ಲ. ಇದು ಭೋಸರಿಗೇ ಗೊತ್ತದ. ನನ್ನ ಕೈ ಮ್ಯಾಲೆ ನನಗ ನಂಬಿಗಿ ಹೋಗಿ ಒಂಬತ್ತು ವರ್ಷ ಆತು. ನಿನ್ನ ಗೆರಿ ಮ್ಯಾಲೆ ಒಂದು ಉಳದದ. ಅದನ್ನೂ ಕಸಕೋಬ್ಯಾಡಪಾ."

ಎಣ್ಣೆ ಹನಿ ಹನಿಯಾಗಿ ನಿಂತಿತು. ಕೆಳಗೆ ಹೋಗಿ ಬೋಲ್ಟ್ ಬಿಗಿದೆ. ಇನ್ನೊಮ್ಮೆ ಬಿಗಿದೆ. ಮೇಲಿನಿಂದ ಅವನ ದನಿ ಬಂತು: "ಗೆರಿ ಹಾಕಿದಿ?" ಹಾಕಿದೆ.

ಸೋಮವಾರ ಕಾರ್ತಿಕನಿಗೆ ಫೋನ್ ಮಾಡಿದೆ. ಅವನು ಈಗ ವಿಮಾನ ನಗರದಲ್ಲಿ ಸ್ವಂತ ಫ್ಲ್ಯಾಟ್ ಮಾಡಿದ್ದಾನೆ. ಅವನೊಬ್ಬ ಸಾಕ್ಷಿ ಹೇಳಿದರೆ ಅಣ್ಣ ನಂಬಿಯಾನು ಎಂಬ ಆಸೆ. "ಅಯ್ಯೋ ಅಂಕಲ್, ಮರೆಯೋಕಾಗತ್ತಾ ಅದು? ಹೊಸದಾಗಿ ಸೇರೋರಿಗೆಲ್ಲ ನಿಮ್ಮ ಯೆಲ್ಲೋ ಲೈನ್ ಎಗ್ಸಾಂಪಲ್ಲೇ ಕೊಡೋದು ನಾನು" ಅಂದ. ಗೆರೆ ಹಾಕುವ ಮೊದಲು ನಾನು ಪಾನಾ ಹಚ್ಚಿದ್ದೆನೇ, ನೆನಪಿದೆಯೇ ಅಂತ ಕೇಳಿದೆ. "ಹಚ್ಚೇ ಇರ್ತೀರಲ್ಲ ಅಂಕಲ್! ಚೆಕ್ ಮಾಡಿ ತಾನೆ ಲೈನ್ ಹಾಕೋದು? ನೀವೇ ಹೇಳಿದ್ರಿ" ಅಂದ. ಒಳ್ಳೆಯ ವಿದ್ಯಾರ್ಥಿ. ನಾನು ಮಾಡಿದ್ದನ್ನು ಮರೆತು ನಾನು ಹೇಳಿದ್ದನ್ನು ಮಾತ್ರ ನೆನಪಿಟ್ಟಿದ್ದಾನೆ.

ಮಂಗಳವಾರ ಮೂರನೇ ಮಹಡಿಯಿಂದ ಒಂದು ಸ್ಟೀಲ್ ಡಬ್ಬಿ ಬಂತು. ವೈನಿ ತಾವೇ ತಂದುಕೊಟ್ಟರು. ಅದರ ತುಂಬ ಬಿಸಿ ಬಿಸಿ ಹೂರಣದ ಹೋಳಿಗೆ. "ಅಣ್ಣನ ತಪ್ಪು ನಿನ್ನ ಮ್ಯಾಲೆ ಹಾಕ್ಕೊಳ್ಳಿಕ್ಕೆ ಬಂದಿದ್ದಿಯಂತ, ಗಿರೀಶ. ರಾತ್ರೆಲ್ಲಾ ಅದನ್ನs ಹೇಳಿ ಹೇಳಿ ಕಣ್ಣೀರ ತಗದ್ರು ಇವ್ರು. ತಮ್ಮ ಅಂದ್ರ ಹಿಂಗಿರಬೇಕು ನೋಡು" ಅಂದು, ಸೆರಗಿನಿಂದ ಕಣ್ಣೊತ್ತಿಕೊಂಡು ಹೋದರು. ಕೊಲ್ಹಾಪುರದ ಬೀಗರಿಗೂ ಫೋನ್ ಮಾಡಿ ಹೇಳಿದ್ದಾರಂತೆ. ನಾನು ನಿಂತಲ್ಲೇ ಒಂದು ಹೋಳಿಗೆ ತಿಂದೆ. ಚೆನ್ನಾಗಿತ್ತು. ನನಗೆ ನನ್ನ ಮೇಲೇ ಹೇಸಿಗೆ ಬಂತು. ಇನ್ನೊಂದು ತಿಂದೆ.

ಡಬ್ಬಿಯನ್ನು ತೊಳೆದು ಒರೆಸಿ ನನ್ನ ಹೆಂಡತಿ ಅಡುಗೆಕಟ್ಟೆಯ ಮೇಲೆ ಇಟ್ಟಿದ್ದಾಳೆ. ನಮ್ಮ ಕಡೆ ತುಂಬಿ ಬಂದ ಡಬ್ಬಿಯನ್ನು ಖಾಲಿ ತಿರುಗಿಸಿ ಕೊಡುವುದಿಲ್ಲ. "ರೀ, ನಾಕ ದಿನಾ ಆತು. ಏನ ಹಾಕಿ ಕೊಡ್ಲಿ?" ಅಂತ ಬೆಳಿಗ್ಗೆ ಕೇಳಿದಳು. ಸಕ್ಕರೆ ಹಾಕು ಅನ್ನಬಹುದಿತ್ತು. ಆ ಮನೆಗೆ ಕೊಡಬೇಕಾದದ್ದು ನನ್ನ ಹತ್ತಿರ ಒಂದೇ ಇತ್ತು. ಅದನ್ನು ಹೋದ ಭಾನುವಾರ ಒಯ್ದು ಕೊಟ್ಟೆ, ಅಣ್ಣ ತೆಗೆದುಕೊಳ್ಳಲಿಲ್ಲ.